ಒಂದು ಕದದ ಊರು

ಕಡವೆಕೊಪ್ಪಲಿನಲ್ಲಿ ಇರುವುದು ಒಂದೇ ಮನೆ ಎಂಬುದು ಸಾವಿರದ ಒಂಬೈನೂರ ಮೂವತ್ತೊಂದನೆಯ ಇಸವಿಯ ಖಾನೇಷುಮಾರಿಯಲ್ಲಿ, ಅಂದರೆ ಜನಗಣತಿಯಲ್ಲಿ, ಸಿದ್ಧಪಟ್ಟ ಸಂಗತಿ. ಅದಕ್ಕೆ ಹಿಂದೆ ಆ ಊರಿನಲ್ಲಿ ಮೂವತ್ತಕ್ಕೆ ಮೇಲ್ಪಟ್ಟು ಮನೆಗಳಿದ್ದವು. ನಡುವೆ ಊರಿಗೆ ಬೆಂಕಿ ಬಿದ್ದಿರಲಿಲ್ಲ, ಹೊಳೆ ಉಕ್ಕಿರಲಿಲ್ಲ, ಪ್ಲೇಗು ಬಂದಿರಲಿಲ್ಲ. ಜನ ತಮ್ಮ ತಮ್ಮ ಮನೆಗಳಲ್ಲೇ ಉಂಡು ಮಲಗಿ, ಬೆಳಗಾಗೆದ್ದು ಹೊಲಕ್ಕೆ ಹೋಗುತ್ತಿದ್ದರು. ಆದರೂ ಮನೆ ಒಂದೇ ಆಯಿತು. ಅದು ಹೇಗಾಯಿತು, ಅದರಿಂದ ಪಟೇಲ ಸಣ್ಣಬೀರಯ್ಯನವರಿಗೆ ಏನೇನು ಒದಗಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕಾಗಿದೆ.

ಸಣ್ಣಬೀರಯ್ಯನವರು ಕೆಟ್ಟ ಮನುಷ್ಯರಲ್ಲ. ಐವತ್ತರ ಆಸುಪಾಸು, ಕಿವಿಗೆ ಒಂಟಿ, ತಲೆಗೆ ಕೆಂಪು ರುಮಾಲು. ಮರ್ಯಾದೆ ಎಂದರೆ ಅವರಿಗೆ ಪ್ರಾಣ, ಮತ್ತು ಆ ಮರ್ಯಾದೆಯ ಬಹುಪಾಲು ಅವರ ಬೀದಿಬಾಗಿಲಿನಲ್ಲಿತ್ತು. ಅವರ ತಾತ ಕಾಡಿನ ಹರಾಜಿನಲ್ಲಿ ಕೂಗಿ ಕೊಂಡುತಂದ ತೇಗದ ಮರದಿಂದ ಮಾಡಿಸಿದ ಒಂಟಿ ಕದ ಅದು. ಮೇಲೆ ಎರಡು ಗಿಳಿ, ನಡುವೆ ಒಂದು ಕಮಲ. ಊರಿನ ಮಿಕ್ಕ ಮನೆಗಳಿಗೆಲ್ಲ ಬಿದಿರಿನ ತಡಿಕೆ. ಬೆಳಿಗ್ಗೆ ತಡಿಕೆಯನ್ನು ಎತ್ತಿ ಪಕ್ಕಕ್ಕಿಟ್ಟರೆ ಬಾಗಿಲು ತೆಗೆದಂತೆ, ಸಂಜೆ ಒರಗಿಸಿದರೆ ಹಾಕಿದಂತೆ. ಕಳ್ಳರು ಬಂದರೆ ಪಟೇಲರ ಮನೆಗೇ ಬರುತ್ತಾರೆಂದು ಉಳಿದವರು ನೆಮ್ಮದಿಯಾಗಿದ್ದರು. ಪಟೇಲರಿಗೂ ಅದು ಹೆಮ್ಮೆಯ ವಿಷಯವೇ.

ಆ ವರ್ಷ ಸರ್ಕಾರದವರು ಗಣತಿಗಾಗಿ ಸರಗೂರಿನಲ್ಲಿ ತಾತ್ಕಾಲಿಕವಾಗಿ ‘ಗೃಹನಿರ್ಣಯ ಶಾಖೆ’ ಎಂಬ ಕಚೇರಿಯೊಂದನ್ನು ತೆರೆದಿದ್ದರು. ಮನೆ ಯಾವುದು, ಮನೆಯಲ್ಲದ್ದು ಯಾವುದು ಎಂದು ನಿರ್ಣಯಿಸುವುದು ಅದರ ಕೆಲಸ. ಅಲ್ಲಿಂದ ಗಣತಿ ಗುಮಾಸ್ತೆ ಗುರುಸ್ವಾಮಿ ಎಂಬ ಯುವಕ ಒಂದು ಕೊಡೆ, ಒಂದು ಡಬ್ಬಿ ಟಾರು, ಒಂದು ಕುಂಚ ಹಿಡಿದುಕೊಂಡು ಕಡವೆಕೊಪ್ಪಲಿಗೆ ಬಂದ. ಪ್ರತಿ ಮನೆಯ ಬಾಗಿಲ ಮೇಲೂ ಟಾರಿನಲ್ಲಿ ನಂಬರು ಬರೆಯಬೇಕು, ಆಮೇಲೆ ಒಳಗಿನ ಜನರನ್ನು ಎಣಿಸಬೇಕು. ಗುರುಸ್ವಾಮಿ ಲಂಚ ಮುಟ್ಟುವವನಲ್ಲ, ಸುಳ್ಳು ಬರೆಯುವವನಲ್ಲ. ಹೀಗಾಗಿ ಮುಂದೆ ನಡೆದದ್ದಕ್ಕೆ ಯಾರನ್ನೂ ದೂರುವ ಹಾಗಿಲ್ಲ.

ಮೊದಲನೆಯ ನಂಬರನ್ನು ಪಟೇಲರ ಕದದ ಮೇಲೆ, ಗಿಳಿಗಳಿಗೆ ತಾಗದಂತೆ ಬರೆದ. ಟಾರು ಚೆನ್ನಾಗಿ ಹಿಡಿಯಿತು. ಪಟೇಲರು ಹಿಂದಕ್ಕೆ ಸರಿದು, ತಲೆ ಓರೆ ಮಾಡಿ ನೋಡಿ, “ಎಂಗೈತೆ ಸ್ವಾಮಿ ನಮ್ ಕದ?” ಎಂದು ಕೇಳಿದರು.

“ನಂಬರಿಗೆ ಯೋಗ್ಯವಾಗಿದೆ” ಎಂದ ಗುರುಸ್ವಾಮಿ.

ಎರಡನೆಯದು ಕರಿಯಯ್ಯನ ಮನೆ. ಕರಿಯಯ್ಯ ನಾಲ್ಕು ಎಕರೆ ರಾಗಿ ಹೊಲದ ಒಕ್ಕಲು, ಪಟೇಲರ ಬಾಲ್ಯದ ಗೆಳೆಯ. ಗುರುಸ್ವಾಮಿ ಕುಂಚ ಅದ್ದಿ ತಡಿಕೆಯ ಮೇಲೆ ಎಳೆದ. ಎರಡರ ತಲೆ ಒಂದು ಬಿದಿರಿನ ಮೇಲೆ ಕೂತಿತು. ಹೊಟ್ಟೆ ಸಂದಿಯಿಂದ ಒಳಕ್ಕೆ ಹೋಗಿ, ಒಳಗೆ ರಾಗಿ ಕೇರುತ್ತಿದ್ದ ಕರಿಯಯ್ಯನ ಹೆಂಡತಿ ರಾಮಮ್ಮನ ಮೊರದ ಮೇಲೆ ತೊಟ್ಟಿಕ್ಕಿತು.

“ಯಾರ್ಲಾ ಅದು ಕರೀ ನೀರು ಉಯ್ತಿರಾದು!” ಎಂದು ಒಳಗಿನಿಂದ ಕೂಗು ಬಂತು.

“ಸರ್ಕಾರ ಕಣಮ್ಮಿ, ಸುಮ್ಕಿರು” ಎಂದ ಕರಿಯಯ್ಯ.

ಗುರುಸ್ವಾಮಿ ಊರನ್ನೆಲ್ಲ ಸುತ್ತಿದ. ಯಾವ ತಡಿಕೆಯ ಮೇಲೂ ನಂಬರು ನಿಲ್ಲಲಿಲ್ಲ. ಗೋಡೆಯ ಮೇಲೆ ಬರೆಯೋಣವೆಂದರೆ ಬಾಗಿಲ ಮೇಲೆಂದೇ ನಿಯಮ. ಅವನು ಪಟೇಲರ ಜಗಲಿಯಲ್ಲಿ ಕೂತು ಕಚೇರಿಗೆ ವಿವರವಾಗಿ ಬರೆದು, ತಳವಾರ ಕುಳ್ಳಯ್ಯನ ಕೈಲಿ ಕೊಟ್ಟು ಕಳಿಸಿದ. ಮಾರನೆಯ ದಿನ ಸೂಪರಿಂಟೆಂಡೆಂಟರ ಉತ್ತರ ಬಂತು:

“ತಮ್ಮ ವರದಿಯನ್ನು ಪರಾಂಬರಿಸಲಾಯಿತು. ಮನೆ ಎಂದರೆ ನಂಬರು ನಿಲ್ಲುವಂಥದು. ನಂಬರು ನಿಲ್ಲದಿರುವುದು ಮನೆಯಲ್ಲ. ಮನೆಯಲ್ಲದುದರಲ್ಲಿ ವಾಸವಾಗಿರುವವರು ಅಲ್ಲಿ ವಾಸವಾಗಿಲ್ಲವೆಂದು ಭಾವಿಸತಕ್ಕದ್ದು. ಹಾಗೆ ವಾಸವಾಗಿಲ್ಲದವರನ್ನು ಅತ್ಯಂತ ಸಮೀಪದ ಮನೆಯವರೆಂದು ಎಣಿಸತಕ್ಕದ್ದು.”

ಅತ್ಯಂತ ಸಮೀಪದ ಮನೆ ಪಟೇಲರದು. ಗುರುಸ್ವಾಮಿ ಇದನ್ನು ಓದಿ ಹೇಳಿದಾಗ ಸಣ್ಣಬೀರಯ್ಯನವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರ ಎದೆ ಸ್ವಲ್ಪ ಅಗಲವಾಯಿತು. ಹತ್ತಾರು ಜನ ಇರುವ ಕೂಡುಕುಟುಂಬದ ಯಜಮಾನರನ್ನು ಅವರು ಬಲ್ಲರು. ಒಂದು ಊರೇ ಒಂದು ಮನೆಯಾಗಿ, ಅದಕ್ಕೆ ಯಜಮಾನನಾದವನನ್ನು ಅವರು ಕೇಳಿರಲಿಲ್ಲ.

ಊರಿನವರನ್ನೆಲ್ಲ ಪಟೇಲರ ಜಗಲಿಯ ಮುಂದೆ ಸಾಲಾಗಿ ನಿಲ್ಲಿಸಿದರು. ಗುರುಸ್ವಾಮಿ ಕೇಳಿದ: “ಇವರಿಗೂ ಯಜಮಾನರಿಗೂ ಏನು ಸಂಬಂಧ? ಇದಕ್ಕೆ ಯಜಮಾನರ ಮಾತೇ ಪ್ರಮಾಣ. ಒಂದೇ ಸಲ ಹೇಳಬೇಕು. ಹೇಳಿದ ಮೇಲೆ ಬದಲಾಯಿಸುವ ಹಾಗಿಲ್ಲ.”

ಪಟೇಲರು ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ದೊಡ್ಡ ಮನಸ್ಸಿನ ಮಾತೊಂದು ತಾನಾಗಿಯೇ ಬಾಯಿಗೆ ಬಂತು. “ಬರ್ಕಳಿ ಸ್ವಾಮಿ. ಎಲ್ಲಾ ನನ್ ಮಕ್ಳಿದ್ದಂಗೆ!”

ಗುರುಸ್ವಾಮಿ ಎಲ್ಲರ ಮುಂದೆಯೂ ‘ಮಕ್ಕಳು’ ಎಂದು ಬರೆದ. ‘ಇದ್ದಂಗೆ’ ಎಂಬುದಕ್ಕೆ ಕಾಲಮ್ಮಿನಲ್ಲಿ ಜಾಗವಿರಲಿಲ್ಲ.

ಸಾಲಿನ ಕೊನೆಯಲ್ಲಿ ಕೋಲೂರಿಕೊಂಡು ಪುಟ್ಟಸಿದ್ದಮ್ಮ ನಿಂತಿದ್ದಳು. ಊರಿನ ಅಂಚಿನ ಗುಡಿಸಲಿನ ಒಂಟಿ ಮುದುಕಿ. ಆ ಊರಿನ ಅರ್ಧ ಜನರ ಹೆರಿಗೆ ಮಾಡಿಸಿದವಳು. “ಏನಪ್ಪ, ನಾನೂ ಇವನ ಮಗಳಾ?” ಎಂದಳು.

“ಹೌದು ಅಜ್ಜಿ.”

“ಇವನು ಉಟ್ಟಿದಾಗ ಒಕ್ಕುಳು ಕುಯ್ದೋಳು ನಾನು ಕಣಪ್ಪ!”

ಗುರುಸ್ವಾಮಿ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ನೋಡಿ, “ತಂದೆಗಿಂತ ಮಗಳು ಚಿಕ್ಕವಳಿರಬೇಕೆಂದು ನಿಬಂಧನೆ ಇಲ್ಲ” ಎಂದ. ಪುಟ್ಟಸಿದ್ದಮ್ಮ ಸ್ವಲ್ಪ ಯೋಚಿಸಿ, ತಂದೆಯ ಕಡೆ ತಿರುಗಿ, “ಅಂಗಾರೆ ಒಂದು ಸೀರೆ ಕೊಡ್ಸಪ್ಪ” ಎಂದಳು. ಊರು ನಕ್ಕಿತು. ಪಟೇಲರೂ ನಕ್ಕರು.

ಆಮೇಲೆ ವರಮಾನದ ವಿಚಾರಣೆ. ಸರ್ಕಾರದವರು ವರಮಾನ ಕೇಳಿದರೆ ತಗ್ಗಿಸಿ ಹೇಳುವುದು ಕಡವೆಕೊಪ್ಪಲಿನ ರೂಢಿ. ಕರಿಯಯ್ಯ ಕೈಮುಗಿದು, “ಎರಡು ಎಮ್ಮೆ ಅವೆ ಸ್ವಾಮಿ. ಎರಡೂ ಆಲು ಕೊಡಾಕಿಲ್ಲ” ಎಂದ.

“ಏಯ್, ಯಾಕ್ಲಾ ಕೊಡಾಕಿಲ್ಲ?” ಎಂದು ಪಟೇಲರು ಗದರಿದರು. ಎಲ್ಲ ವರಮಾನವೂ ಬಂದು ಸೇರುವುದು ತಮ್ಮ ಹೆಸರಿಗೆ ಎಂಬುದು ಅಷ್ಟರಲ್ಲಿ ಅವರ ಗಮನಕ್ಕೆ ಬಂದಿತ್ತು. “ನನ್ ಮನೆ ಎಮ್ಮೆ ಆಲು ಕೊಡಾಕಿಲ್ಲ ಅಂದ್ರೆ ನನ್ ಮರ್ವಾದೆ ಏನಾಯ್ತದೆ? ಬರ್ಕಳಿ ಸ್ವಾಮಿ, ಒತ್ತಾರೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ.”

ಹೀಗೆ ಊರಿನ ಗೊಡ್ಡು ಹಸುಗಳೆಲ್ಲ ಕರೆದವು, ಬಿದ್ದ ಹೊಲಗಳೆಲ್ಲ ಬೆಳೆದವು, ಕೂಲಿ ಇಲ್ಲದವರಿಗೆಲ್ಲ ಕೂಲಿ ಸಿಕ್ಕಿತು. ಸಂಜೆಯ ಹೊತ್ತಿಗೆ ಸಣ್ಣಬೀರಯ್ಯನವರ ಮನೆ ಆ ಸೀಮೆಯಲ್ಲೇ ಅತ್ಯಂತ ಹೆಚ್ಚಿನ ವರಮಾನದ ಮನೆಯಾಗಿತ್ತು.

ಮುಂದಿನ ವಾರ ಸಂತೆಗೆ ಸರಗೂರಿಗೆ ಹೋದಾಗ ಶಾಖೆಯ ಜವಾನ ಅವರನ್ನು ಗುರುತಿಸಿ ಒಳಕ್ಕೆ ಕರೆದ. ಸೂಪರಿಂಟೆಂಡೆಂಟರು ಎದ್ದು ನಿಂತು ಕುರ್ಚಿ ತೋರಿಸಿದರು. ಕೈಯಿರುವ ಕುರ್ಚಿ. ಅಲ್ಲಿಯವರೆಗೆ ಯಾವ ಕಚೇರಿಯಲ್ಲಿಯೂ ಕೂತಿರದ ಸಣ್ಣಬೀರಯ್ಯನವರು ಅದರ ಅಂಚಿನಲ್ಲಿ ಕೂತು, ಅದರ ಎರಡು ಕೈಗಳನ್ನೂ ಹಿಡಿದುಕೊಂಡು, ಕೇಳಿದ್ದಕ್ಕೆಲ್ಲ ‘ಆಗ್ಲಿ ಬುದ್ಧಿ’ ಎಂದು ಬಂದರು. ಮನೆಗೆ ಬಂದು ಹೆಂಡತಿ ಚಾಮುಂಡಮ್ಮನಿಗೆ, “ಕುರ್ಚಿ ಕೊಟ್ರು ಕಣೆ” ಎಂದರು.

“ತರ್ನಿಲ್ವಾ?” ಎಂದಳು ಆಕೆ.

ಯಜಮಾನಿಕೆಯನ್ನು ಪಟೇಲರು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಕರಿಯಯ್ಯನ ಚಪ್ಪರದ ಸೋರೆಕಾಯಿಯನ್ನು ಕಿತ್ತು, “ನಮ್ಮನೇದು ತಾನೆ” ಎಂದು ಕಂಕುಳಲ್ಲಿಟ್ಟುಕೊಂಡು ಬಂದರು. ಯಾರ ಹಟ್ಟಿಯ ಕೋಳಿ ಮೊಟ್ಟೆಯಿಟ್ಟರೂ ವಿಚಾರಿಸಿದರು. ಆದರೆ ಹೆಚ್ಚು ದಿನ ಹೀಗೆ ನಡೆಯಲಿಲ್ಲ. ಕಾಡಂಚಿನ ಊರಾದ್ದರಿಂದ ಹೊಗೆ ಕಂಡರೆ ಬರೆದುಕೊಳ್ಳುವ ಗಾರ್ಡೊಬ್ಬನಿದ್ದ. ಮನೆಯೊಳಗಿನ ಬೆಂಕಿ ಒಲೆ, ಮನೆಯ ಹೊರಗಿನ ಬೆಂಕಿ ಕಾಡುಕಿಚ್ಚು ಎಂದು ಅವನ ನಿಯಮ. ಗಣತಿಯಾದ ಮೇಲೆ ಮನೆ ಒಂದೇ ಎಂದು ತಿಳಿದ ಅವನು ಮಿಕ್ಕ ಒಲೆಗಳನ್ನೆಲ್ಲ ಕಾಡುಕಿಚ್ಚೆಂದು ಬರೆದುಕೊಂಡು, ನೀರು ಹೊಯ್ಯಿಸಿ ಆರಿಸಿದ. ಒಲೆ ಆರಿದವರು ಎಲ್ಲಿ ಉಣ್ಣಬೇಕು? ಅಂದು ಮಧ್ಯಾಹ್ನ ಊರಿಗೆ ಊರೇ ಕೈತೊಳೆದುಕೊಂಡು ಬಂದು ಪಟೇಲರ ಅಂಗಳದಲ್ಲಿ ಸಾಲಾಗಿ ಕೂತಿತು.

“ಏನವ್ವ, ಎಸರು ಕಾದದಾ?” ಎಂದಳು ಪುಟ್ಟಸಿದ್ದಮ್ಮ, ಮಗಳ ಸಲಿಗೆಯಿಂದ.

ಚಾಮುಂಡಮ್ಮ ಹಂಡೆ ಇಟ್ಟು ಮುದ್ದೆ ತೊಳಸಿದಳು. ಸಂಜೆಗೂ ತೊಳಸಿದಳು. ಮಾರನೆಯ ದಿನವೂ ತೊಳಸಿದಳು. ಹೆಂಗಸರು ನೆರವಿಗೆ ಬಂದರೂ ಕಣಜ ಮಾತ್ರ ಪಟೇಲರದೇ. ಅವರವರ ರಾಗಿ ಅವರವರ ಗುಡಿಸಲಿನಲ್ಲಿ ಭದ್ರವಾಗಿತ್ತು. ಮನೆಯಲ್ಲದ ಕಡೆ ಇರುವುದನ್ನು ಮನೆಯದೆಂದು ಹೇಗೆ ತರುವುದು ಎಂದು ಅವರೆಲ್ಲ ನಿಯಮ ಹೇಳಿದರು. ಚಾಮುಂಡಮ್ಮನ ರಟ್ಟೆ ಊದಿಕೊಂಡಿತು. ಆಕೆ ಗಂಡನೊಡನೆ ಮಾತು ಬಿಟ್ಟಳು; ಮುದ್ದೆಯನ್ನು ಮಾತ್ರ ಜೋರಾಗಿ ತಟ್ಟೆಗೆ ಹಾಕುತ್ತಿದ್ದಳು.

ಇಷ್ಟನ್ನೂ ಪಟೇಲರು ಸಹಿಸುತ್ತಿದ್ದರೇನೋ. ಆದರೆ ಮಗನ ಮದುವೆ ಹತ್ತಿರ ಬಂತು.

ಮಗ ನಿಂಗರಾಜುವಿಗೂ ಕರಿಯಯ್ಯನ ಮಗಳು ಸೋಮಮ್ಮನಿಗೂ ಹಿಂದಿನ ಸುಗ್ಗಿಯಲ್ಲೇ ವೀಳ್ಯಶಾಸ್ತ್ರವಾಗಿತ್ತು. ಹುಡುಗ ಹುಡುಗಿ ಒಪ್ಪಿದ್ದರು. ಒಪ್ಪಿದ್ದರೆಂಬುದು ಕೆರೆ ಏರಿಯ ಮೇಲೆ ಹೋಗಿಬರುವವರಿಗೆಲ್ಲ ಗೊತ್ತಿತ್ತು. ಪಟೇಲರು ಗುರುಸ್ವಾಮಿಗೂ ಎಲೆ ಅಡಿಕೆ ಕೊಟ್ಟು, ಮದುವೆಗೆ ಬರಬೇಕೆಂದು ಕರೆದರು. ಗುರುಸ್ವಾಮಿ ಎಲೆ ಅಡಿಕೆ ತೆಗೆದುಕೊಂಡು, ಗಂಡು ಹೆಣ್ಣಿನ ಹೆಸರು ಕೇಳಿ, ಮತ್ತೆ ತಟ್ಟೆಯಲ್ಲಿಟ್ಟ.

“ಪಟೇಲರೇ, ಇವರಿಬ್ಬರೂ ನಿಮ್ಮ ಮಕ್ಕಳು.”

“ನಿಂಗ ನನ್ ಮಗ. ಸೋಮಿ ಕರಿಯನ ಮಗಳು.”

“ಕರಿಯಯ್ಯನೂ ನಿಮ್ಮ ಮಗ. ಸೋಮಮ್ಮನೂ ನಿಮ್ಮ ಮಗಳು. ನೀವೇ ಬರೆಸಿದ್ದು.” ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು. “ಒಡಹುಟ್ಟಿದವರ ಮದುವೆಯ ಊಟವನ್ನು ನಾನು ಹೇಗೆ ಉಣ್ಣಲಿ? ವರದಿ ಮಾಡದೆಯೂ ಇರಲಾರೆ.”

ವರದಿ ಹೋಯಿತು. ಶಾಖೆಯಿಂದ ಎರಡು ಆಜ್ಞೆಗಳು ಒಟ್ಟಿಗೆ ಬಂದವು. ಒಂದರಲ್ಲಿ ಒಡಹುಟ್ಟಿದವರ ಮದುವೆಯನ್ನು ತಡೆಹಿಡಿದಿತ್ತು. ಇನ್ನೊಂದರಲ್ಲಿ, ಸೀಮೆಯ ಅತಿ ಹೆಚ್ಚಿನ ವರಮಾನದಾರರೆಂಬ ಕಾರಣದಿಂದ ಪಟೇಲರು ವರಮಾನ ತೆರಿಗೆ ಕೊಡಬೇಕೆಂದಿತ್ತು. ಕರೆಯದ ಎಮ್ಮೆಗಳ ಹಾಲಿಗೂ ತೆರಿಗೆ ಹಾಕಿದ್ದರು.

ನಿಂಗರಾಜು ಉಣ್ಣುವುದನ್ನು ಬಿಟ್ಟ. ಕರಿಯಯ್ಯ ಬಂದು ಜಗಲಿಯ ಕೆಳಗೆ ನಿಂತು, “ಬೀರಣ್ಣ, ನನ್ನ ಮಗಳ ಬಾಳು ಏನ್ ಮಾಡ್ಬುಟ್ಟೆ? ಚಪ್ಪರದ ಕಂಬ ಕಡಿಸಿವ್ನಿ. ನೆಂಟ್ರಿಗೆ ಯೋಳಿವ್ನಿ. ಈಗ ಏನಂತ ಯೋಳ್ಳಿ, ನಮ್ಮುಡುಗಿ ಗಂಡಿನ ತಂಗಿ ಅಂತಲಾ?” ಎಂದ. ಪಟೇಲರಿಗೆ ಅವನ ಮುಖ ನೋಡಲಾಗಲಿಲ್ಲ. ಚಾಮುಂಡಮ್ಮ ಒಳಗಿನಿಂದ ಬಂದು ಅಂದು ಮೊದಲ ಬಾರಿಗೆ ಬಾಯಿ ಬಿಟ್ಟಳು.

“ಕೇಳುದ್ರಾ? ನಿಮ್ಗೆ ಕುರ್ಚಿ ಬೇಕಾ, ಮಗನ ಮದ್ವೆ ಬೇಕಾ, ಅದ್ನ ಯೋಳ್ಬುಡಿ. ಕುರ್ಚಿನೇ ಬೇಕು ಅಂದ್ರೆ ಮುದ್ದೆ ತೊಳಸಕ್ಕೂ ಆ ಕುರ್ಚಿನೇ ಇಟ್ಕಳಿ. ನಾನು ತವರಿಗೆ ಓಯ್ತೀನಿ.”

ಪಟೇಲರು ಸರಗೂರಿಗೆ ಹೋದರು. ಈ ಸಲ ಅರ್ಜಿದಾರರಾಗಿ ಹೋದದ್ದರಿಂದ ಕುರ್ಚಿ ಕೊಡಲಿಲ್ಲ. ಅರ್ಜಿದಾರರು ನಿಲ್ಲಬೇಕೆಂದು ಗೋಡೆಯ ಮೇಲೆ ಬರೆದಿತ್ತು. ಸೂಪರಿಂಟೆಂಡೆಂಟರು ದಪ್ಪ ಕನ್ನಡಕದ, ಮೆತ್ತಗೆ ಮಾತಾಡುವ ಸಜ್ಜನರು. ಎಲ್ಲವನ್ನೂ ಸಹಾನುಭೂತಿಯಿಂದ ಕೇಳಿದರು.

“ಒಮ್ಮೆ ಹೇಳಿದ ಸಂಬಂಧವನ್ನು ಕಡಿಯುವುದು ಸಾಧ್ಯವಿಲ್ಲ, ಪಟೇಲರೇ. ಆದರೆ ಮನೆಗಳು ಬೇರೆ ಬೇರೆಯಾದರೆ ಅವರು ತಾವಾಗಿಯೇ ಬೇರೆಯವರಾಗುತ್ತಾರೆ. ಪ್ರತಿ ಮನೆಗೂ ಒಂದೊಂದು ಮರದ ಕದ ಇಡಿಸಿ. ಪುನರ್‌ಗಣತಿಗೆ ನಾನೇ ಆಜ್ಞೆ ಕೊಡುತ್ತೇನೆ.”

“ಅಂಗೇ ಆಗ್ಲಿ ಬುದ್ಧಿ. ಮರಕ್ಕೆ ಪರ್ಮೀಟು?”

“ಅದಕ್ಕೇನು, ಮನೆಗೊಂದು ಕದದಂತೆ ಕಾಡಿನ ಇಲಾಖೆಯವರು ಮರ ಕೊಡುತ್ತಾರೆ. ಎಷ್ಟು ಮನೆಗಳಿವೆ ನಿಮ್ಮ ಊರಿನಲ್ಲಿ?”

ಪಟೇಲರು ಒಂದು ಬೆರಳು ತೋರಿಸಿದರು. “ಒಂದು.”

“ಅದಕ್ಕೆ ಕದ ಇದೆಯೇ?”

“ಅದೆ ಬುದ್ಧಿ. ತೇಗದ್ದು.”

“ಹಾಗಾದರೆ ನಿಮ್ಮ ಊರಿಗೆ ಮರದ ಅಗತ್ಯ ಕಂಡುಬರುವುದಿಲ್ಲ” ಎಂದು ಸೂಪರಿಂಟೆಂಡೆಂಟರು ಸಂತೋಷದಿಂದ ಹೇಳಿದರು. ಇಷ್ಟು ಸ್ಪಷ್ಟವಾಗಿ ಇತ್ಯರ್ಥವಾಗುವ ಅರ್ಜಿ ಅವರಿಗೆ ಅಪರೂಪಕ್ಕೆ ಸಿಗುತ್ತಿತ್ತು. ಹೋಗುವಾಗ ಪುನರ್‌ಗಣತಿಯ ಆಜ್ಞೆಯನ್ನು ಮಾತ್ರ ಕೊಟ್ಟು ಕಳಿಸಿದರು.

ಪಟೇಲರು ಊರಿಗೆ ಬಂದು ಜಗಲಿಯ ಮೇಲೆ ತಲೆಗೆ ಕೈಹೊತ್ತು ಕೂತರು. ಚಾಮುಂಡಮ್ಮ ಎಲ್ಲವನ್ನೂ ಕೇಳಿದಳು. ಆಮೇಲೆ ಕದದ ಕಡೆ ನೋಡಿದಳು, ತಳವಾರ ಕುಳ್ಳಯ್ಯನ ಹೆಗಲಿನ ಕಡೆ ನೋಡಿದಳು.

“ಇದ್ನೇ ಎತ್ಕಂಡು ಓಗಿ.”

“ಎಲ್ಲಿಗೆ?”

“ಒಂದೊಂದ್ ಮನೆಗೂ.”

ಪಟೇಲರಿಗೆ ಕಣ್ಣು ಮಂಜಾಯಿತು. ತಾತನ ಕಾಲದಿಂದ ಆ ಕದ ಇದ್ದ ಜಾಗ ಬಿಟ್ಟು ಅಲುಗಿರಲಿಲ್ಲ. ಆದರೆ ಒಳಗೆ ಮಗ ಗೋಡೆಗೆ ಮುಖಮಾಡಿ ಮಲಗಿದ್ದ. ಅವರು ತಾವೇ ಎದ್ದು ಕದದ ಮೇಲಿನ ಗಿಳಿಗಳನ್ನು ಒಮ್ಮೆ ಸವರಿ, “ಜ್ವಾಕೆ ಕಣ್ಲಾ ಕುಳ್ಳ” ಎಂದರು.

ಮಾರನೆಯ ದಿನ ಗುರುಸ್ವಾಮಿ ಟಾರು ಡಬ್ಬಿಯೊಡನೆ ಬಂದ. ಪಟೇಲರ ಮನೆಯಲ್ಲಿ ಕದ ಇತ್ತು, ನಂಬರೂ ಇತ್ತು. ಸರಿಯಾಗಿದೆ ಎಂದು ಗುರುತು ಹಾಕಿಕೊಂಡ. ಅವನು ತಿರುಗುವುದರೊಳಗೆ ಕುಳ್ಳಯ್ಯನೂ ಇನ್ನು ಮೂವರೂ ಕದವನ್ನು ತಿರುಗಣಿಯಿಂದ ಎತ್ತಿ, ಹೆಗಲ ಮೇಲೆ ಹೊತ್ತು, ಓಡಿ ಕರಿಯಯ್ಯನ ಬಾಗಿಲಿಗೆ ಒರಗಿಸಿದರು. ಗುರುಸ್ವಾಮಿ ಬಂದು ನೋಡಿದ. ಅವೇ ಗಿಳಿಗಳು, ಅದೇ ಕಮಲ, ಮೇಲೆ ಆಗಲೇ ಒಂದು ನಂಬರು. ಹೊತ್ತವರು ಇನ್ನೂ ಏದುಸಿರು ಬಿಡುತ್ತಿದ್ದರು. ಅವನು ನಿಬಂಧನೆಗಳ ಪುಸ್ತಕ ತೆರೆದು ನಿಧಾನವಾಗಿ ಓದಿದ.

“ನಂಬರು ಬರೆಯುವಾಗ ಕದ ಇರಬೇಕೆಂದಿದೆ. ಅದಕ್ಕೆ ಮುಂಚೆ ಎಲ್ಲಿತ್ತು ಎಂದು ವಿಚಾರಿಸಲು ನನಗೆ ಅಧಿಕಾರವಿಲ್ಲ” ಎಂದು, ಒಂದರ ಕೆಳಗೆ ಎರಡು ಎಂದು ಬರೆದ.

ಊರಿನವರು ಉಘೇ ಎಂದರು. ಆಮೇಲೆ ಕದ ಬೀದಿಯಿಂದ ಬೀದಿಗೆ ಹೋಯಿತು. ಮುಂದೆ ಕದ, ಹಿಂದೆ ಗುಮಾಸ್ತೆ, ಅವನ ಹಿಂದೆ ಊರು. ಹೆಂಗಸರು ಕದ ಬಂದಾಗ ಹೊಸಲಿಗೆ ನೀರು ಹಾಕಿ ಅರಿಸಿನ ಕುಂಕುಮ ಇಟ್ಟರು. ಕದ ನಿಂತಷ್ಟು ಹೊತ್ತು ಅದೊಂದು ಮನೆ. ಒಳಗಿದ್ದವರು ಆ ಗಳಿಗೆ ಸ್ವಲ್ಪ ಬಿಗಿಯಾಗಿ ಕೂತಿದ್ದು, ಕದ ಹೋದ ಮೇಲೆ ಮತ್ತೆ ಎಂದಿನಂತಾಗುತ್ತಿದ್ದರು. ಪಟೇಲರು ಪ್ರತಿ ಮನೆಯ ಮುಂದೆಯೂ ನಿಂತು, “ಮೂಲೆ ತಾಗೀತು ಕಣ್ರೋ!” ಎಂದು ಕೂಗುತ್ತಿದ್ದರು. ನಂಬರುಗಳು ಕಮಲವನ್ನು ಮುಚ್ಚಿದವು, ಆಮೇಲೆ ಒಂದು ಗಿಳಿಯನ್ನು ಮುಚ್ಚಿದವು. ಪಟೇಲರು ಹಲ್ಲು ಕಚ್ಚಿಕೊಂಡರು.

ಕಟ್ಟಕಡೆಗೆ ಪುಟ್ಟಸಿದ್ದಮ್ಮನ ಗುಡಿಸಲು. ಕದ ಅವಳ ಬಾಗಿಲಿಗಿಂತ ಎತ್ತರವಾಗಿತ್ತು. ಸೂರಿನ ಹುಲ್ಲನ್ನು ಸ್ವಲ್ಪ ಎತ್ತಿ ನಿಲ್ಲಿಸಿದರು. ಉಳಿದಿದ್ದ ಒಂದು ಗಿಳಿಯ ಮೇಲೆ ಕೊನೆಯ ನಂಬರು ಬಂತು. “ಟಾರು ಒಣಗುವ ತನಕ ಅಲುಗಿಸಬೇಡಿ” ಎಂದ ಗುರುಸ್ವಾಮಿ. ಎಲ್ಲರೂ ಅಲ್ಲೇ ಹೊಂಗೆ ಮರದ ನೆರಳಿನಲ್ಲಿ ಕೂತರು. ಪುಟ್ಟಸಿದ್ದಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಕರಿಯಯ್ಯ ನಿರಾಳವಾಗಿ ಪಟೇಲರ ಭುಜದ ಮೇಲೆ ಕೈಯಿಟ್ಟು, “ಬೀಗರಾದ್ವಲ್ಲ ಬುಡು” ಎಂದ.

ಆ ಹೊತ್ತಿಗೆ ಸರಿಯಾಗಿ ಸೂಪರಿಂಟೆಂಡೆಂಟರ ಗಾಡಿ ಬಂತು. ಪುನರ್‌ಗಣತಿಯನ್ನು ಸ್ವತಃ ತಾಳೆ ನೋಡುವುದು ಅವರ ಕರ್ತವ್ಯವಾಗಿತ್ತು.

ಅವರು ಪಟೇಲರ ಮನೆಗೆ ಹೋದರು. ಕದವಿಲ್ಲ, ಯಾರದೋ ಮೇಕೆಯೊಂದು ನಡುಮನೆಯಲ್ಲಿ ನಿಂತು ಪಟೇಲರ ಮಡಿಪಂಚೆ ತಿನ್ನುತ್ತಿತ್ತು. ಕರಿಯಯ್ಯನ ಮನೆಗೆ ಹೋದರು, ತಡಿಕೆ. ಊರನ್ನೆಲ್ಲ ಸುತ್ತಿ, ಕೊನೆಗೆ ಪುಟ್ಟಸಿದ್ದಮ್ಮನ ಗುಡಿಸಲಿನ ಮುಂದೆ ನಿಂತು, ಕನ್ನಡಕ ಒರೆಸಿಕೊಂಡು, ಕದವನ್ನು ಮೇಲಿನಿಂದ ಕೆಳಕ್ಕೆ ಓದಿದರು. ಎಲ್ಲ ನಂಬರುಗಳೂ ಕ್ರಮವಾಗಿ ಇದ್ದವು.

“ಗುರುಸ್ವಾಮಿ, ಕೆಲಸ ಅಚ್ಚುಕಟ್ಟಾಗಿದೆ” ಎಂದರು ಅವರು. “ಎಲ್ಲ ನಂಬರುಗಳೂ ಸಿಕ್ಕಿವೆ. ಎಲ್ಲವೂ ಈ ಮನೆಯಲ್ಲಿವೆ. ಈ ಊರಿನಲ್ಲಿ ಇರುವುದು ಇದೊಂದೇ ಮನೆ. ನಂಬರು ಬಿದ್ದ ಕದವನ್ನು ಮುಂದಿನ ಖಾನೇಷುಮಾರಿಯವರೆಗೆ ಯಾರೂ ಕದಲಿಸತಕ್ಕದ್ದಲ್ಲ. ಯಜಮಾನರು ಯಾರು?”

ಪಟೇಲರು ಇನ್ನು ಯಜಮಾನರಲ್ಲ, ಮದುವೆಯೂ ಆಗುವ ಹಾಗಿಲ್ಲ, ಕದವೂ ಹೋಯಿತು. ನಿಂಗರಾಜು ಹೊಂಗೆ ಮರದ ಹಿಂದೆ ಹೋಗಿ ನಿಂತ. ಸೋಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಮಜ್ಜಿಗೆ ಕುಡೀರಿ ಬುದ್ಧಿ” ಎನ್ನುತ್ತ ಪುಟ್ಟಸಿದ್ದಮ್ಮ ಚೊಂಬು ಹಿಡಿದು ಹೊರಕ್ಕೆ ಬಂದಳು. “ಮನೆ ನನ್ದೇ.”

“ಹಾಗಾದರೆ ಹೇಳಿ ತಾಯಿ, ಇವರಿಗೂ ನಿಮಗೂ ಏನು ಸಂಬಂಧ? ಹೊಸ ಯಜಮಾನರಾದ್ದರಿಂದ ಹೊಸದಾಗಿ ಕೇಳಬೇಕು. ನಿಮ್ಮ ಮಾತೇ ಪ್ರಮಾಣ. ಒಂದೇ ಸಲ.”

ಪಟೇಲರು ಮುಂದೆ ಬಂದು ಕೈಮುಗಿದರು. “ಅಮ್ಮಾ, ನನ್ನಂಗೆ ಮಾಡ್ಬ್ಯಾಡ. ಎಲ್ಲಾ ಮಕ್ಳು ಅಂತ ಮಾತ್ರ ಅನ್ಬ್ಯಾಡ.”

“ಸುಮ್ಕಿರ್ಲಾ ಬೀರ. ಮಕ್ಳು ಎಂಗುಟ್ತವೆ, ಎಲ್ಲಿಗೆ ಓಯ್ತವೆ ಅಂತ ನಂಗೆ ಯೋಳ್ಕೊಡ್ತೀಯಾ?” ಪುಟ್ಟಸಿದ್ದಮ್ಮ ಹೊಸಲಿನ ಮೇಲೆ ಕೂತು, ಕೋಲನ್ನು ಪಕ್ಕಕ್ಕಿಟ್ಟು, ಸಾಲನ್ನು ನೋಡಿದಳು. “ಬರ್ಕಳಪ್ಪ. ಈ ಬೀರ ನನ್ ಮಗ. ಆ ಚಾಮುಂಡಿ ಸೊಸೆ. ಈ ರಾಮಿ ನನ್ ಮಗಳು. ಕರಿಯ ಅಳಿಯ, ಮನೆ ಅಳಿಯ. ಬೀರನ ಮಗ ನಿಂಗ. ರಾಮಿ ಮಗಳು ಸೋಮಿ. ಅಣ್ಣನ ಮಗನಿಗೆ ತಂಗಿ ಮಗಳು. ಸೋದರಮಾವನ ಮನೆಗೇ ಸೊಸೆಯಾಗಿ ಓಯ್ತಾವ್ಳೆ. ಇದಕ್ಕಿಂತ ಒಳ್ಳೆ ಸಂಬಂಧ ಎಲ್ಲಿ ತತ್ತೀರ ಬುದ್ಧಿ?”

ಸೂಪರಿಂಟೆಂಡೆಂಟರ ಮುಖ ಅರಳಿತು. “ನಮ್ಮ ಮನೆಯಲ್ಲೂ ಸೋದರಿಕೆಯೇ” ಎಂದರು. ಗುರುಸ್ವಾಮಿ ಸರಸರನೆ ಬರೆದುಕೊಂಡ. ಪುಟ್ಟಸಿದ್ದಮ್ಮ ಅಲ್ಲಿಗೇ ನಿಲ್ಲಿಸಲಿಲ್ಲ. ಊರಿನಲ್ಲಿ ಯಾವ ಹುಡುಗನ ಕಣ್ಣು ಯಾವ ಹುಡುಗಿಯ ಮೇಲಿದೆ ಎಂಬುದು ಅವಳಿಗೆ ತಿಳಿದಿತ್ತು. ಹಾಗೆ ನೋಡಿಕೊಂಡೇ ಒಬ್ಬೊಬ್ಬರನ್ನು ಮಗನ ಕಡೆಗೋ ಮಗಳ ಕಡೆಗೋ ಹಂಚಿದಳು. ಜಗಳವಾಡಿ ಬೇರೆಯಾಗಿದ್ದ ಅಣ್ಣತಮ್ಮಂದಿರಿಬ್ಬರನ್ನು ಭಾವ ಭಾಮೈದರನ್ನಾಗಿ ಮಾಡಿದಳು; ಅವರು ಅಂದಿನಿಂದ ಒಬ್ಬರನ್ನೊಬ್ಬರು ಮಾತಾಡಿಸತೊಡಗಿದರು.

“ಇನ್ನು ವರಮಾನ?” ಎಂದರು ಸೂಪರಿಂಟೆಂಡೆಂಟರು.

ಪುಟ್ಟಸಿದ್ದಮ್ಮ ಒಮ್ಮೆ ತನ್ನ ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳನ್ನೆಲ್ಲ ನೋಡಿ ನಿಟ್ಟುಸಿರುಬಿಟ್ಟಳು. “ವರಮಾನ ಎಲ್ಲಿ ಬಂದದು ಬುದ್ಧಿ? ಒಬ್ಬನೂ ದುಡ್ಯಾಕಿಲ್ಲ. ಎಮ್ಮೆ ಅವೆ, ಆಲು ಕೊಡಾಕಿಲ್ಲ. ಎಲ್ರೂ ಕೂತ್ಕಂಡು ನನ್ ಮಜ್ಜಿಗೆ ಕುಡೀತಾವ್ರೆ, ನೀವೇ ನೋಡಿ.”

ನೋಡಿದರೆ ಹಾಗೆಯೇ ಇತ್ತು. ವರಮಾನ ಇಲ್ಲವೆಂದು ಬರೆದರು. ಪಟೇಲರ ಹೆಸರಿನ ತೆರಿಗೆಯೂ ಹೋಯಿತು. ಐವತ್ತು ವರ್ಷದ, ಕೆಲಸವಿಲ್ಲದ, ತಾಯಿಯ ಪೋಷಣೆಯಲ್ಲಿರುವ ಮಗನಿಗೆ ತೆರಿಗೆ ಹಾಕಲು ಅವಕಾಶವಿರಲಿಲ್ಲ. ಒಲೆಗಳ ವಿಷಯ ಬಂದಾಗ, ಅವೆಲ್ಲ ತಾನು ಬೇರೆ ಬೇರೆ ಕಡೆ ಹಾಕಿಸಿರುವ ಬಾಣಂತಿಯರ ನೀರೊಲೆಗಳೆಂದಳು. ಬಾಣಂತಿಯ ನೀರೊಲೆಯನ್ನು ಮನೆಯ ಹೊರಗೇ ಹಾಕುವುದು ರೂಢಿಯಾದ್ದರಿಂದ ಗಾರ್ಡು ಒಪ್ಪಿದ.

ಲಗ್ನ ಹೇಳಿದ ದಿನವೇ ನಡೆಯಿತು. ಗುರುಸ್ವಾಮಿ ಬಂದು ಸಂಕಟವಿಲ್ಲದೆ ಉಂಡ. ಧಾರೆಯ ಹೊತ್ತಿಗೆ ಹಿರಿಯರು ಯಾರು ಎಂಬ ಪ್ರಶ್ನೆ ಬಂದಾಗ ಗಂಡಿನ ಕಡೆಗೂ ಹೆಣ್ಣಿನ ಕಡೆಗೂ ಪುಟ್ಟಸಿದ್ದಮ್ಮನೇ ಹಿರಿಯಳೆಂದು ತಿಳಿದುಬಂದು, ಅವಳನ್ನು ಹಸೆಯ ನಡುವೆ ಕೂರಿಸಿದರು. ಸಣ್ಣಬೀರಯ್ಯನವರು ರುಮಾಲು ತೆಗೆದು ಅವಳ ಕಾಲಿಗೆ ಬಿದ್ದರು. ಮೊದಲು ಶಾಸ್ತ್ರಕ್ಕೆಂದು ಬಿದ್ದದ್ದು. ಆದರೆ ಆ ಮುದುಕಿ ತಲೆಯ ಮೇಲೆ ಕೈಯಿಟ್ಟು, “ಚೆನ್ನಾಗಿರು ಮಗ, ಉಂಡ್ಯಾ?” ಎಂದಾಗ, ತಾಯಿ ಸತ್ತು ಬಹಳ ವರ್ಷವಾಗಿದ್ದ ಪಟೇಲರು ಅವಳ ಕಾಲನ್ನು ಹಾಗೆಯೇ ಹಿಡಿದುಕೊಂಡರು. ಏಳಲು ಸ್ವಲ್ಪ ಹೊತ್ತು ಬೇಕಾಯಿತು.

ಆಮೇಲೆ ಅವರು ಕದದ ಮಾತೆತ್ತಲಿಲ್ಲ. ತಮ್ಮ ಬಾಗಿಲಿಗೆ ಒಂದು ಬಿದಿರ ತಡಿಕೆ ಹೆಣೆಸಿಕೊಂಡರು. ಗಾಳಿ ಚೆನ್ನಾಗಿ ಬರುತ್ತದೆ ಎಂದು ಬಂದವರಿಗೆ ಹೇಳುತ್ತಾರೆ. ಕುರ್ಚಿಯನ್ನು ಸರಗೂರಿನಲ್ಲಿ ಬೇರೆ ಯಾರಿಗೋ ಕೊಡುತ್ತಿದ್ದಾರೆ. ಪಟೇಲಿಕೆಯ ಕಾಗದಗಳಿಗೆ ‘ಪುಟ್ಟಸಿದ್ದಮ್ಮನ ಮಗ ಸಣ್ಣಬೀರಯ್ಯ’ ಎಂದು ರುಜು ಹಾಕುತ್ತಾರೆ. ಅದರಲ್ಲಿ ತಪ್ಪೇನೂ ಶಾಖೆಗೆ ಕಂಡುಬಂದಿಲ್ಲ.

ಈಗ ಕಡವೆಕೊಪ್ಪಲಿನಲ್ಲಿ ಯಾರಿಗಾದರೂ ಮದುವೆ ಮಾಡಬೇಕಾದರೆ ಮೊದಲು ಜೋಯಿಸರ ಬಳಿಗೆ ಹೋಗುವುದಿಲ್ಲ. ಎಲೆ ಅಡಿಕೆ ಹಿಡಿದುಕೊಂಡು ಪುಟ್ಟಸಿದ್ದಮ್ಮನ ಬಳಿಗೆ ಹೋಗಿ, ತಾವು ಯಾರ ಮಕ್ಕಳು ಎಂದು ಕೇಳಿಕೊಂಡು ಬರುತ್ತಾರೆ.